ಷಡ್ಡಕ ನಿಲ್ಲಿಸಿದ ಕಂಬಗಳು

ಜಗಲಿಯ ಬಿಳಿ ಕಂಬಗಳು ನೋಡಲು ಕಲ್ಲಿನಂತಿದ್ದರೂ ಫೈಬರ್‌ಗ್ಲಾಸಿನವು, ಒಳಗೆಲ್ಲ ಟೊಳ್ಳು. ಅವಕ್ಕೆ ಮರದ ಕಟಕಟೆ ಹಿಡಿಸಬೇಕೆಂದರೆ, ನಿಲ್ಲಿಸುವ ಮೊದಲೇ ಒಳಗೊಂದು ಮರದ ತುಂಡು ಅಂಟಿಸಿ, ಹೊರಗೆ ಪೆನ್ಸಿಲಿನಲ್ಲಿ ಗುರುತು ಹಾಕಬೇಕು. ಸ್ಕ್ರೂ ಕಚ್ಚುವುದು ಆ ತುಂಡನ್ನೇ. ಕಂಬ ನಿಲ್ಲಿಸಿದವನು ಬಡಗಿಯ ಷಡ್ಡಕ. ಅತ್ತೆಮನೆಯಲ್ಲಿ ಮಾತಿಗೆ ಅವನು, ಕೆಲಸಕ್ಕೆ ಇವನು ಎಂದು ಮೊದಲಿನಿಂದಲೂ ಹಂಚಿಕೆಯಾಗಿತ್ತು.

ಗುರುತುಗಳೇನೋ ಮುತ್ತಿನಂತಿದ್ದವು. ಬಡಗಿ ಡ್ರಿಲ್ ಒತ್ತಿದ. ಅದು ಪುಸಕ್ಕನೆ ಒಳಗೆ ಹೋಯಿತು. ಮರದ ಹೊಟ್ಟಿನ ಬದಲು ಬಿಳಿ ಪುಡಿ ಉದುರಿತು. ಪಕ್ಕದ ಕಂಬದಲ್ಲೂ ಅದೇ ಕತೆ.

"ಷಡ್ಡಕರೇ, ತುಂಡು ಎಲ್ಲಿ?"

"ಅಲ್ಲೇ ಇರತ್ತೆ. ನಿಮ್ಮ ಡ್ರಿಲ್ಲೇ ಸೊಟ್ಟ."

"ಸೊಟ್ಟ ಹೋದ್ರೂ ಎಲ್ಲಾದ್ರೂ ಮರ ಸಿಗಬೇಕಲ್ಲ! ಆಣೆ ಮಾಡಿ ಹೇಳಿದ್ರಿ."

"ಹೋಗ್ಲಿ ಬಿಡಿ, ಎರಡು ಸ್ಕ್ರೂ ಹೊಡೆದು ಪುಟ್ಟಿ ಮೆತ್ತಿ. ಇದಕ್ಕೇನು ಆನೆ ಒರಗತ್ತಾ?"

ಒರಗಬೇಕಾದವರು ಅತ್ತೆ. ಸೊಂಟ ಮುರಿದು ಮಲಗಿದ್ದವರು ಈಗಷ್ಟೇ ಹೆಜ್ಜೆ ಇಡುತ್ತಿದ್ದರು. ಇಂದು ಸಂಜೆ ಕಟಕಟೆ ಹಿಡಿದು ಮೆಟ್ಟಿಲಿಳಿದೇ ಸಿದ್ಧ ಎಂದು ಹಠ ತೊಟ್ಟಿದ್ದರು. ಸ್ಕ್ರೂ ಕಿತ್ತುಬಂದರೆ ಅತ್ತೆಯೂ ಕಟಕಟೆಯೂ ಜೊತೆಯಾಗಿ ಅಂಗಳ ಸೇರುವುದು ಖಂಡಿತ.

ಬಡಗಿಯ ಹೆಂಡತಿ ಅವನ ಹತ್ತಿರ ಬಂದು ದನಿ ತಗ್ಗಿಸಿದಳು. "ರೀ, ಗಲಾಟೆ ಬೇಡ. ತುಂಡು ಹಾಕಿಲ್ಲ ಅಂತ ಅಕ್ಕ ಆವತ್ತೇ ಹೇಳಿದ್ಲು. ನಿಮಗೆ ಗೊತ್ತಾದ್ರೆ ಕಂಬ ಇಳಿಸಿ ಅಂತ ಕೂರ್ತೀರ ಅಂತ ಸುಮ್ನಿದ್ದೆ."

"ನಿಂಗೂ ಗೊತ್ತಿತ್ತಾ?"

"ಭಾವನ ಮರ್ಯಾದೆ ಪ್ರಶ್ನೆ ಕಣ್ರೀ."

ಷಡ್ಡಕನ ಸುಳ್ಳನ್ನು ಬಡಗಿ ಹೇಗೋ ನುಂಗಿಕೊಳ್ಳುತ್ತಿದ್ದ. ಆದರೆ ಬೆಳಿಗ್ಗೆಯಿಂದ ಕಟಕಟೆಯ ಇನ್ನೊಂದು ತುದಿ ಹಿಡಿದು, "ಸರಿಯಾಗಿದೆ, ಹೊಡೀರಿ" ಎನ್ನುತ್ತ ನಿಂತಿದ್ದವಳು ಇವಳೇ.

ಅವನು ಸಣ್ಣ ಗರಗಸ ತೆಗೆದು, ಗುರುತಿನ ಸುತ್ತ ಕೈ ತೂರುವಷ್ಟು ಅಗಲದ ಚೌಕ ಕೊಯ್ಯತೊಡಗಿದ.

"ಅಯ್ಯಯ್ಯೋ, ಕಂಬ!" ಎಂದ ಷಡ್ಡಕ.

ಒಳಗಿನಿಂದ ಅತ್ತೆ ಕೂಗಿದರು: "ಮುಗೀತೇನಪ್ಪಾ? ಬರಲಾ?"

"ಇವತ್ತು ಬೇಡ ಅತ್ತೆ. ಕಂಬದೊಳಗೆ ಮರ ಇಲ್ಲ. ತುಂಡು ಕೂರಿಸಿ, ಅಂಟು ಒಣಗಿದ ಮೇಲೆ ಕರೀತೀನಿ."

"ಹಾಕಿದ್ದೀನಿ ಅಂದಿದ್ರಲ್ಲ ದೊಡ್ಡಳಿಯಂದಿರು?"

ದೊಡ್ಡಳಿಯಂದಿರು ಸೂರಿನ ಹೆಂಚು ಎಣಿಸತೊಡಗಿದರು.

ಚೌಕ ಕಳಚಿ ಬಿತ್ತು. ಒಳಗೆ ಕಾಣಲೆಂದು ಹೆಂಡತಿ ಟಾರ್ಚ್ ತಂದು ಬೆಳಕು ಬಿಟ್ಟಳು. ಬಡಗಿ ಅವಳ ಮುಖ ನೋಡದೆ ಅದನ್ನು ಇಸಿದುಕೊಂಡು ಹಲ್ಲಲ್ಲಿ ಕಚ್ಚಿಕೊಂಡ. ಬಾಯಲ್ಲಿ ಟಾರ್ಚಿದ್ದವನು ಹೆಂಡತಿಯ ಜೊತೆ ಮಾತಾಡಬೇಕಾಗಿಲ್ಲ.