ಹಾಡಿನ ಹಿಂದಿನ ದೋಣಿ

ಬಸ್ ಡ್ರೈವರನಿಗೆ ರಜೆಯ ಮಧ್ಯಾಹ್ನ ಗ್ರಾಮಫೋನ್ ತಟ್ಟೆ ಕೇಳುವ ಹುಚ್ಚು. ಆದರೆ ಹೊಸ ಆಂಪ್ಲಿಫೈಯರ್ ಬಂದಾಗಿನಿಂದ ಹಾಡಿನ ಹಿಂದೆ ಸುಯ್ಯೆಂಬ ಸದ್ದೊಂದು ಗಂಟುಬಿದ್ದಿತ್ತು. ತಟ್ಟೆ ಒರೆಸಿದ್ದಾಯಿತು, ಮುಳ್ಳು ಬದಲಿಸಿದ್ದಾಯಿತು. ಜಪ್ಪಯ್ಯ ಎಂದರೂ ಅದು ಹೋಗಲಿಲ್ಲ. ಹೊಲಿಗೆ ಮುಗಿಸಿದ ಹೆಂಡತಿ ಮಾತ್ರ ಕೊರಳಿನ ಅಳತೆ ಟೇಪನ್ನೂ ತೆಗೆಯದೆ ಚಾಪೆಯ ಮೇಲೆ ಹಾಯಾಗಿ ನಿದ್ದೆ ಹೋಗುತ್ತಿದ್ದಳು.

ಇವತ್ತು ಅವನು ಮುಳ್ಳನ್ನು ಮೇಲೆತ್ತಿ ನೋಡಿದ. ಹಾಡು ನಿಂತಿತು, ಸುಯ್ ನಿಲ್ಲಲಿಲ್ಲ. ಅಂದರೆ ತಟ್ಟೆಯದೇನೂ ತಪ್ಪಿಲ್ಲ. ಆಂಪ್ಲಿಫೈಯರಿನ ಬೆನ್ನಿಗೆ ಟಾರ್ಚ್ ಬಿಟ್ಟ. ಗ್ರಾಮಫೋನಿನ ವೈರನ್ನು ರೇಡಿಯೊಗೆಂದು ಇದ್ದ ತೂತಿಗೆ ಸಿಕ್ಕಿಸಿದ ಮಹಾನುಭಾವ ತಾನೇ ಆಗಿದ್ದ. ಅಲ್ಲಿ ಹಾಡು ಕ್ಷೀಣವಾಗಿ ಬರುತ್ತಿದ್ದುದಕ್ಕೇ ವಾಲ್ಯೂಮನ್ನು ಕೊನೆಯವರೆಗೆ ತಿರುಗಿಸಬೇಕಾಗುತ್ತಿತ್ತು, ಆಗ ಸುಯ್ಯೂ ಏರುತ್ತಿತ್ತು. ವಾಲ್ಯೂಮ್ ಇಳಿಸಿ, ವೈರನ್ನು ಸರಿಯಾದ ತೂತಿಗೆ ಸಿಕ್ಕಿಸಿ, ಮುಳ್ಳು ಇಳಿಬಿಟ್ಟ. ಹಾಡು ತೊಳೆದಿಟ್ಟ ಗಾಜಿನಂತೆ ಬಂತು.

ಹೆಂಡತಿ ಕಣ್ಣು ಬಿಡದೆಯೇ ಕೇಳಿದಳು, "ದೋಣಿ ಯಾಕೆ ನಿಲ್ಲಿಸಿದ್ರಿ?"

"ಯಾವ ದೋಣಿ?"

"ಪ್ರತಿ ಸಲ ಹೋಗ್ತೀನಲ್ಲ, ಅದೇ. ನೀರು ಸುಯ್ ಅಂತಿತ್ತು. ಇನ್ನೇನು ದಡ ಸಿಗೋದ್ರಲ್ಲಿತ್ತು."

ಊರು ಬರುವ ಮೊದಲೇ ಇಳಿಸಿದರೆ ಪ್ರಯಾಣಿಕರ ಮುಖ ಹೇಗಾಗುತ್ತದೆಂದು ಅವನಿಗೆ ಯಾರೂ ಹೇಳಿಕೊಡಬೇಕಿರಲಿಲ್ಲ. ವೈರನ್ನು ಮತ್ತೆ ತಪ್ಪು ತೂತಿಗೇ ಸಿಕ್ಕಿಸಿ, ವಾಲ್ಯೂಮನ್ನು ಕೊನೆಯವರೆಗೆ ತಿರುಗಿಸಿ, ಕಂಡಕ್ಟರನಂತೆ ಮೆಲ್ಲಗೆ ಹೇಳಿದ:

"ರೈಟ್, ರೈಟ್."