ಮೊಳೆಗೆ ತೂಗುಹಾಕಿದ ಸ್ವೆಟರ್

ನಮ್ಮ ಬಾಸ್‌ಗೆ ನಾವಿಟ್ಟ ಹೆಸರು ತೊಂಬತ್ತೆಂಟು. ‘ತೊಂಬತ್ತೆಂಟು ಪರ್ಸೆಂಟ್ ಕರೆಕ್ಟು’ ಎನ್ನುವುದು ಬಿಟ್ಟರೆ ಆ ಮನುಷ್ಯನ ಬಾಯಲ್ಲಿ ಬೇರೆ ಮಾತಿಲ್ಲ. ದಿನಸಿ ಗೋದಾಮಿನಲ್ಲಿ ಯಾರು ಯಾವ ಕ್ಯಾಮೆರಾದ ಮುಂದೆ ಹಾದುಹೋದರೂ ಇಂಥವರೇ ಎಂದು ಗುರುತು ಹಿಡಿಯುವ ಯಂತ್ರವನ್ನು ಕಟ್ಟಿದ್ದು ನಾವು. ಎದೆಯುಬ್ಬಿಸಿ ತಿರುಗುವುದು ಅವನು.

ಅದಕ್ಕೆ ಕಲಿಸಲು ಬೇಕಾದ ವಿಡಿಯೊವನ್ನು ಒಂದೇ ದಿನ ತೆಗೆಸಿ ಕೈತೊಳೆದುಕೊಂಡಿದ್ದ. ಒಂದೇ ದಿನದಲ್ಲಿ ಯಾರು ಬಟ್ಟೆ ಬದಲಿಸುತ್ತಾರೆ? ಯಂತ್ರ ಮುಖ, ನಡಿಗೆ ಎಲ್ಲ ಬಿಟ್ಟು ಬಟ್ಟೆ ನೋಡುವುದನ್ನು ಕಲಿಯಿತು. ಪರೀಕ್ಷೆ ಮಾಡಿದ್ದೂ ಅದೇ ದಿನದ ವಿಡಿಯೊದಲ್ಲಿ. ತೊಂಬತ್ತೆಂಟು ಅಂಕ ಬರದೆ ಇನ್ನೇನು? ಇದನ್ನೇ ನಾನು ಬಡಕೊಂಡೆ.

“ಎಲ್ಲದ್ರಲ್ಲೂ ಕೊಂಕು ಹುಡುಕೋದೇ ನಿನ್ ಕೆಲ್ಸ ಕಣಮ್ಮ” ಅಂದ. ಇಂಥ ತಲೆಗೆ ಸಂಬಳ ಬೇರೆ!

ಈಗ ಕೋಲ್ಡ್ ರೂಮಿನಿಂದ ಬೆಣ್ಣೆ ಕಳುವಾಗುತ್ತಿತ್ತು. ಹೊತ್ತಿಲ್ಲದ ಹೊತ್ತಿನಲ್ಲಿ ಅಲ್ಲಿಗೆ ಹೋಗಿಬರುವವಳು ಕಸ ಗುಡಿಸುವ ಅಕ್ಕ ಎಂದಿತು ಯಂತ್ರ. ತೊಂಬತ್ತೆಂಟು ಅವಳನ್ನು ಗೋದಾಮಿನ ಯಜಮಾನರ ಮುಂದೆ ತಂದು ನಿಲ್ಲಿಸಿದ. ಅವಳ ಮನೆಯಲ್ಲಿ ದುಡಿಯುವ ಕೈ ಅದೊಂದೇ.

“ಬೆಳಗ್ಗೆ ಗುಡ್ಸೋಕೆ ಒಂದ್ಸಲ ಹೋಗ್ತೀನಿ, ಅಷ್ಟೇ ಸ್ವಾಮಿ.”

“ಹಾಗಾದ್ರೆ ಯಂತ್ರ ಸುಳ್ಳು ಹೇಳುತ್ತಾ? ಇವತ್ತೇ ಕೆಲ್ಸದಿಂದ ತೆಗೀರಿ ಸಾರ್” ಎಂದ ತೊಂಬತ್ತೆಂಟು.

ನನಗೆ ಮೈ ಉರಿದುಹೋಯಿತು. ಆದರೂ ಬಾಸ್ ಕಡೆ ತಿರುಗಿ ನಯವಾಗಿ, “ಎಷ್ಟು ಬೆಣ್ಣೆ ಹೋಗಿದೆ ಅಂತ ನೀವೇ ನೋಡ್ಬನ್ನಿ ಸಾರ್. ನಿಮ್ಮಷ್ಟು ಚೆನ್ನಾಗಿ ಇನ್ಯಾರಿಗೆ ಗೊತ್ತಾಗುತ್ತೆ?” ಎಂದೆ. ಉಬ್ಬಿಹೋಗಿ ಹೊರಟೇಬಿಟ್ಟ.

ಆ ಕೋಣೆಯ ಬಾಗಿಲನ್ನೂ ಕಂಡವನಲ್ಲ ಅವನು. ಬಾಗಿಲ ಪಕ್ಕದ ಮೊಳೆಗೆ ಹಳದಿ ಸ್ವೆಟರೊಂದು ನೇತಾಡುತ್ತಿರುತ್ತದೆ. ಒಳಗೆ ಹೋಗುವವರೆಲ್ಲ ಅದನ್ನೇ ತೊಟ್ಟು ಹೋಗಿ, ಬಂದು ಅಲ್ಲೇ ತಗುಲಿಸುತ್ತಾರೆ. ವಿಡಿಯೊ ತೆಗೆದ ದಿನ ಅಕ್ಕನಿಗೆ ಚಳಿಜ್ವರ. ಕೆಲಸ ಮುಗಿಯುವವರೆಗೂ ಆ ಸ್ವೆಟರ್ ಅವಳ ಮೈಮೇಲೇ ಇತ್ತು.

ನಾವು ಮೂವರೂ ಪರದೆ ನೋಡುತ್ತಾ ನಿಂತೆವು. ಬಾಗಿಲು ತೆರೆದದ್ದೇ ತಡ, ಬಾಸ್ ಗಡಗಡ ನಡುಗಿ ಹಿಂದೆ ಸರಿದ. ಮೊಳೆಯ ಮೇಲಿನ ಸ್ವೆಟರನ್ನು ಎಳೆದು ಹೊಟ್ಟೆಯ ಮೇಲೆ ಹೇಗೋ ತುರುಕಿಕೊಂಡು ಒಳಗೆ ನುಗ್ಗಿದ. ಪರದೆಯಲ್ಲಿ ಅವನ ಸುತ್ತ ಹಸಿರು ಚೌಕ ಮೂಡಿತು. ಮೇಲೆ ಅಕ್ಕನ ಹೆಸರು, ಪಕ್ಕದಲ್ಲಿ ತೊಂಬತ್ತೆಂಟು ಪರ್ಸೆಂಟ್.

ಯಜಮಾನರು ಕಣ್ಣಲ್ಲಿ ನೀರು ಬರುವಷ್ಟು ನಕ್ಕರು. “ನೀನ್ ಹೋಗಿ ಕೆಲ್ಸ ನೋಡ್ಕೊಳಮ್ಮ” ಎಂದರು ಅಕ್ಕನಿಗೆ.

ಅವಳು ಹೋಗಲಿಲ್ಲ. ಸ್ವೆಟರಿನಲ್ಲೇ ಉಸ್ಸೆಂದು ಬಂದ ಬಾಸನ್ನು ಅಡಿಯಿಂದ ಮುಡಿಯವರೆಗೆ ನೋಡಿ, ಕೈಲಿದ್ದ ಪೊರಕೆಯನ್ನು ಅವನ ಕೈಗಿಟ್ಟಳು.

“ತಗೊಳ್ಳಿ ಸ್ವಾಮಿ. ನಿಮ್ಮ ಯಂತ್ರದ ಪ್ರಕಾರ ಈಗ ನೀವೇ ನಾನು. ಮೆಟ್ಲು ಇನ್ನೂ ಗುಡ್ಸಿಲ್ಲ.”