ಜೋಡಿ ಮಾತ್ರೆ

ಗಂಡನಿಗೆ ಕೊನೆಯ ಬಾರಿ ಅಂಗಡಿಯ ನೀಲಿ ಅಂಗಿ ತೊಡಿಸಿ ಮೂರನೆಯ ಗುಂಡಿ ಹಾಕುವಾಗ ಜೇಬಿನಲ್ಲಿ ಏನೋ ಪರಪರ ಎಂದಿತು. ಹೆಂಡತಿ ಬೆರಳು ತೂರಿಸಿ ನೋಡಿದಳು. ಮಾತ್ರೆಯ ಹಾಳೆ, ಇನ್ನೆರಡು ಉಳಿದಿದ್ದವು. ಯಾರೂ ನೋಡುವ ಮೊದಲೇ ಒಳಕ್ಕೆ ತಳ್ಳಿ, ಜೇಬಿನ ಮೇಲೆ ಕೈ ಇಟ್ಟುಕೊಂಡು ಕೂತಳು. ಕಂಡವರು ಅದನ್ನು ಪ್ರೀತಿ ಎಂದುಕೊಂಡರು, ಅಂದುಕೊಳ್ಳಲಿ.

ಮೂವತ್ತು ವರ್ಷ ಔಷಧಿ ಅಂಗಡಿ ನಡೆಸಿದ ಮನುಷ್ಯ, ಕಾಲಿಗೆ ಗಾಜು ಚುಚ್ಚಿದ ಒಂದೇ ವಾರಕ್ಕೆ ಹೋಗಿಬಿಟ್ಟಿದ್ದ. ಮನೆ ತುಂಬ ಜನ.

“ನಮ್ಮ ಬೀದಿಗೆ ಡಾಕ್ಟ್ರೇ ಬೇಕಿರಲಿಲ್ಲ,” ಎಂದ ಮೈದುನ. “ಎರಡು ಮಾತ್ರೆ ಕೊಟ್ರೆ ಜ್ವರ ಹೇಳಹೆಸರಿಲ್ಲದಂತೆ ಓಡ್ತಿತ್ತು. ಅಣ್ಣನ ಕೈಗುಣ ಅಂಥದ್ದು.”

“ಹೌದಪ್ಪ,” ಎಂದಳು ಪಕ್ಕದ ಮನೆಯ ದರ್ಜಿ. ಸೂಜಿ ಚುಚ್ಚಿ ಅವಳ ಹೆಬ್ಬೆರಳು ಊದಿಕೊಂಡಿತ್ತು. “ಡಾಕ್ಟ್ರು ಬೆಳಿಗ್ಗೆ ಚೀಟಿ ಬರೆದಿದ್ದಾರೆ. ಅಣ್ಣ ಇದ್ದಿದ್ರೆ ತಗೋಬೇಕೋ ಬೇಡ್ವೋ ಹೇಳ್ತಿದ್ರು.”

*

ಗಾಜು ಚುಚ್ಚಿದ ಮಾರನೆಯ ದಿನ ಡಾಕ್ಟರು ಜೋಡಿ ಮಾತ್ರೆ ಬರೆದಿದ್ದರು. ಗಿರಾಕಿಗಳ ಎದುರೇ ಗಂಡ ಚೀಟಿ ಎತ್ತಿ ಹಿಡಿದ.

“ಇದರಲ್ಲಿ ಎರಡು ಮದ್ದು ಸೇರಿಸ್ತಾರೆ. ಎರಡನೇದು ಒಂದು ಕ್ರಿಮೀನೂ ಕೊಲ್ಲಲ್ಲ. ಸುಮ್ನೆ ದಂಡ, ನಮ್ಮನೆಯವಳ ಹಾಗೆ! ಒಂಟಿ ಮಾತ್ರೆನೇ ಸಾಕು, ತಗೊಂಡು ಬಾರೇ.”

“ರೀ, ಈಗಿನ ಕ್ರಿಮಿಗಳು ಮೊದಲನೇ ಮದ್ದನ್ನ ಮುರಿದು ಹಾಕ್ತವಂತೆ. ಎರಡನೇದು ಅವುಗಳ ಕೈ ಹಿಡ್ಕೊಂಡ್ರೇನೇ ಮೊದಲನೇದು ಹೊಡೆಯೋಕಾಗೋದಂತೆ. ಡಾಕ್ಟ್ರೇ ಹೇಳಿದ್ರಲ್ಲ.”

“ಓಹೋ, ಎರಡನೇ ಮದ್ದು ಬಾಯಿ ಬಿಡ್ತು ನೋಡ್ರಪ್ಪ!”

ಗಿರಾಕಿಗಳು ಹೊಟ್ಟೆ ಹಿಡಿದುಕೊಂಡು ನಕ್ಕರು.

ನಾಲ್ಕನೆಯ ದಿನ ಕಾಲು ಊದಿ ಕುಂಬಳಕಾಯಿಯಾಯಿತು. ಬಾಯಿಗೆ ಯಾವ ಮಾತ್ರೆ ಬೀಳುತ್ತಿದೆ ಎಂದು ನೋಡುವ ಎಚ್ಚರವೂ ಅವನಿಗಿರಲಿಲ್ಲ. ಅವಳು ಅಂಗಡಿಗೆ ಹೋಗಿ ಜೋಡಿ ಮಾತ್ರೆಯ ಡಬ್ಬಿ ಕೈಗೆತ್ತಿಕೊಂಡಳು. ಆ ನಗು ಇನ್ನೂ ಕಿವಿಯಲ್ಲಿತ್ತು. ‘ಒಂಟಿಯಾಗೇ ಹೊಡೆಯಲಿ’ ಎಂದುಕೊಂಡು ಡಬ್ಬಿಯನ್ನು ಇದ್ದಲ್ಲೇ ಇಟ್ಟು, ಒಂಟಿ ಮಾತ್ರೆಯನ್ನೇ ಕೊಟ್ಟಳು. ಸಾಯಲಿ ಎಂದಲ್ಲ, ಒಂದು ದಿನ ನರಳಲಿ ಎಂದಷ್ಟೇ. ಮರುದಿನ ದೊಡ್ಡಾಸ್ಪತ್ರೆಗೆ ಸಾಗಿಸುವಾಗ ಕಾಲ ಮೀರಿತ್ತು.

*

ಡಾಕ್ಟರು ಬಂದು ಹೆಣದ ಕಾಲು ನೋಡಿ ಅವಳ ಪಕ್ಕ ಕುಕ್ಕರಗಾಲಲ್ಲಿ ಕೂತರು.

“ಅಮ್ಮಾ, ನಾನು ಬರೆದ ಜೋಡಿ ಮಾತ್ರೆನೇ ಕೊಟ್ರಿ ತಾನೆ?”

ಎಲ್ಲರ ಕಿವಿಯೂ ನೆಟ್ಟಗಾಯಿತು. ಇಲ್ಲ ಎಂದರೆ ಗಂಡನ ಹೆಸರು ಹೋಗುತ್ತಿತ್ತು, ಜೊತೆಗೆ ತನ್ನದೂ. ಅವಳಿಗೆ ನಿಜವಾಗಿ ಭಯವಾಯಿತು.

“ಅದನ್ನೇ ಕೊಟ್ಟೆ.”

“ಹಾಗಾದ್ರೆ ಇಲ್ಲಿನ ಕ್ರಿಮಿಗೆ ಅದೂ ನಾಟ್ತಿಲ್ಲ.” ಡಾಕ್ಟರು ದರ್ಜಿಯ ಕಡೆ ತಿರುಗಿದರು. “ನಿಮಗೆ ಬರೆದಿದ್ದೂ ಅದೇ. ತಗೋಬೇಡಿ. ಇವತ್ತೇ ದೊಡ್ಡಾಸ್ಪತ್ರೆಗೆ ಹೋಗಿ.”

ಅವರು ಹೊಸ್ತಿಲು ದಾಟಿದ್ದೇ ತಡ, ದರ್ಜಿ ಹತ್ತಿರ ಸರಿದಳು.

“ದೊಡ್ಡಾಸ್ಪತ್ರೆಗಂತೆ! ಅಲ್ಲಿಗೆ ಹೋದ ಅಣ್ಣ ವಾಪಸ್ ಬಂದ್ರಾ? ಅಕ್ಕ, ಅಣ್ಣ ಕೊಡ್ತಿದ್ದ ಒಂಟಿ ಮಾತ್ರೆ ಮನೇಲಿದ್ರೆ ಎರಡು ಕೊಡಿ.”

ಹೆಂಡತಿ ಬಾಯಿ ತೆರೆದಳು. ಮೈದುನ ಇತ್ತಲೇ ನೋಡುತ್ತಿದ್ದ. ಬಾಯಿ ಮುಚ್ಚಿಕೊಂಡಳು. ಗಂಡನ ಎದೆಯ ಮೇಲಿದ್ದ ಕೈ ಜೇಬಿಗಿಳಿದು ಒಂಟಿ ಮಾತ್ರೆಯ ಹಾಳೆಯನ್ನು ಹೊರತೆಗೆಯಿತು.

ಊದಿದ ಹೆಬ್ಬೆರಳಿನಿಂದ ಹಾಳೆ ಒತ್ತಲು ದರ್ಜಿಗೆ ಆಗಲಿಲ್ಲ. ಹೆಂಡತಿ ಅವಳ ಕೈ ಹಿಡಿದುಕೊಂಡು, ಎರಡೂ ಮಾತ್ರೆಗಳನ್ನು ತಾನೇ ಒಂದೊಂದಾಗಿ ಅಂಗೈಗೆ ಒತ್ತಿ ಹಾಕಿದಳು.